ಹಾಳು ಬಿದ್ದರೆ ಮಾತ್ರ ರಾಜಧಾನಿಯೇ?

"ಕೋಲಾರದಲ್ಲಿ ನೋಡೋಕೆ ಏನಿದೆ?" ಈ ಮಾತನ್ನು ಬೆಂಗಳೂರಿನವರು ಆಡಿದರೆ ಸುಮ್ಮನಾಗಬಹುದು. ಕೋಲಾರದವರೇ ಆಡಿದಾಗ ಸುಮ್ಮನಿರುವುದು ಕಷ್ಟ. ಮನೆಗೆ ನೆಂಟರು ಬಂದರೆ ಅಂತರಗಂಗೆಯ ಮೆಟ್ಟಿಲು ಹತ್ತಿಸುತ್ತಾರೆ, ಕಮ್ಮಸಂದ್ರದ ಕೋಟಿಲಿಂಗಕ್ಕೆ ಕರೆದೊಯ್ಯುತ್ತಾರೆ, ಅಲ್ಲಿಗೆ ಊರು ತೋರಿಸಿದ್ದು ಮುಗಿಯಿತು. ಶಾಲೆಯ ಪ್ರವಾಸದ ಬಸ್ಸು ಹೊರಟರೆ ಬೇಲೂರು, ಹಳೇಬೀಡು, ಹಂಪಿ, ಮೈಸೂರು. ಗಂಗರ ಮೊದಲ ರಾಜಧಾನಿ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ "ಕೋಲಾರ" ಎಂದು ಬರೆದು ಅಂಕ ಪಡೆದ ಹುಡುಗಿಗೆ, ತಾನು ದಿನಾ ಬಸ್ಸಿಳಿಯುವ ಊರೇ ಆ ರಾಜಧಾನಿ ಎಂದು ಯಾರೂ ಕೈಹಿಡಿದು ತೋರಿಸುವುದಿಲ್ಲ.

ಈ ಉದಾಸೀನದ ಬೇರಿನಲ್ಲಿ ಒಂದು ನಂಬಿಕೆಯಿದೆ. ಪ್ರಾಚೀನ ರಾಜಧಾನಿ ಎಂದರೆ ಹಾಳುಬಿದ್ದ ಊರು. ಮುರಿದ ಮಂಟಪ, ಕುಸಿದ ಕೋಟೆ, ಪೂಜೆ ನಿಂತ ಗುಡಿ, ಜನ ಬಿಟ್ಟುಹೋದ ಬೀದಿ. ಹಂಪಿಯೇ ಅದರ ಅಳತೆಗೋಲು. ಆ ಅಳತೆಗೆ ಕೋಲಾರ ಸಿಗುವುದಿಲ್ಲ. ಇಲ್ಲಿ ಜಿಲ್ಲಾಧಿಕಾರಿ ಕಚೇರಿಯಿದೆ, ಟೊಮೆಟೊ ಮಾರುಕಟ್ಟೆಯಿದೆ, ಗುಡಿಯ ಮುಂದೆ ಹೂವಿನಂಗಡಿಯಿದೆ. ಆದ್ದರಿಂದ ಇಲ್ಲಿದ್ದ ರಾಜಧಾನಿ ಪುಸ್ತಕದ ಮಾತು, ನೋಡಲಿಕ್ಕೆ ಏನೂ ಇಲ್ಲ ಎಂದು ತೀರ್ಮಾನ. ಈ ತೀರ್ಮಾನ ತಪ್ಪು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕೂ ತಾಲ್ಲೂಕುಗಳ ಚರಿತ್ರೆ ನಮ್ಮ ಕಣ್ಣೆದುರೇ ಸವೆಯುತ್ತಿರುವುದಕ್ಕೆ ಈ ತಪ್ಪೇ ದೊಡ್ಡ ಕಾರಣ ಎಂದು ನಾನು ನಂಬಿದ್ದೇನೆ.

ಎದುರು ವಾದದ ಗಟ್ಟಿ ಭಾಗವನ್ನು ಮೊದಲೇ ಒಪ್ಪಿಬಿಡೋಣ. ಸುಮಾರು ಕ್ರಿ.ಶ. 350ರ ಹೊತ್ತಿಗೆ ಕೊಂಗುಣಿವರ್ಮ ಇಲ್ಲಿ ಗಂಗ ರಾಜ್ಯಕ್ಕೆ ಬುನಾದಿ ಹಾಕಿದ. ಆಗ ಈ ಊರಿನ ಹೆಸರು ಕುವಳಾಲ. ಆ ಕಾಲದ ಒಂದು ಅರಮನೆಯಾಗಲಿ, ಒಂದು ಇಡೀ ಗುಡಿಯಾಗಲಿ ಇಂದಿನ ಕೋಲಾರ ಪಟ್ಟಣದಲ್ಲಿ ನಿಂತಿಲ್ಲ. ಇದು ನಿಜ. ಮುಂದೆ ಗಂಗರು ಕಾವೇರಿ ದಡದ ತಲಕಾಡಿಗೆ ಹೋದರು ಎಂಬುದೂ ನಿಜ. ಆದರೆ ಇಷ್ಟರಿಂದ "ಏನೂ ಉಳಿದಿಲ್ಲ" ಎಂಬಲ್ಲಿಗೆ ಹಾರುವುದು ಹೇಗೆ?

ನಾಲ್ಕನೇ ಶತಮಾನದ ದಖ್ಖನಿನಲ್ಲಿ ಅರಸರೂ ದೇವರೂ ಹೆಚ್ಚಾಗಿ ಇಟ್ಟಿಗೆ, ಮರ, ಗಾರೆಯ ಮನೆಗಳಲ್ಲೇ ಇದ್ದರು. ಗುಡಿಯೆಂದರೆ ಕಲ್ಲಿನದು ಎಂಬ ರೂಢಿ ಈ ಭಾಗದಲ್ಲಿ ನೆಲೆಯಾದದ್ದು ಆಮೇಲೆ. ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ಕೋಲಾರಮ್ಮನ ಗುಡಿಯೇ ಸಾಕು. ರಾಜೇಂದ್ರ ಚೋಳನ ಕಾಲದ ಶಾಸನವೊಂದು, ದೇವಿಯ ಗುಡಿಯಲ್ಲಿ ಇಟ್ಟಿಗೆಯಿಂದ ಕಟ್ಟಿದ್ದ ಭಾಗವನ್ನು ಅರಸನ ಅಧಿಕಾರಿ ಕಲ್ಲಿನಲ್ಲಿ ಕಟ್ಟಿಸಿದ ಎಂದು ಹೇಳುತ್ತದೆ. ಹನ್ನೊಂದನೇ ಶತಮಾನದ ಚೋಳ ಅಧಿಕಾರಿ ಇಲ್ಲಿಗೆ ಬಂದಾಗ ಗುಡಿ ಆಗಲೇ ಇತ್ತು, ಪೂಜೆಯೂ ಇತ್ತು, ಇಟ್ಟಿಗೆ ಹಳತಾಗಿತ್ತು. ಇಂದು ನಾವು ಮುಟ್ಟುವ ಕಲ್ಲು ಆ ದೇವಿಯ ಮೊದಲ ಮನೆಯದಲ್ಲ. ಆದರೂ ಮನೆ ಅವಳದೇ. ಇಟ್ಟಿಗೆ ಹೋಯಿತು ಎಂದು ಊರಿಗೆ ಊರೇ ಹೋಯಿತು ಎನ್ನುವವರು ಈ ಶಾಸನಕ್ಕೆ ಏನು ಹೇಳುತ್ತಾರೆ?

ಇನ್ನೊಂದು ಸಾಕ್ಷಿ ಗಂಗರ ಬಾಯಿಂದಲೇ ಬಂದದ್ದು. ರಾಜಧಾನಿ ತಲಕಾಡಿಗೆ ಹೋಗಿ ಶತಮಾನಗಳು ಕಳೆದ ಮೇಲೂ ಗಂಗ ಅರಸರು ತಮ್ಮನ್ನು ಕುವಳಾಲಪುರವರೇಶ್ವರ, ನಂದಗಿರಿನಾಥ ಎಂದೇ ಕರೆದುಕೊಂಡರು. ಒಂಬತ್ತು, ಹತ್ತನೇ ಶತಮಾನದ ಶಾಸನಗಳಲ್ಲೂ ಆ ಬಿರುದುಗಳು ಬರುತ್ತವೆ. ಕಾವೇರಿ ದಡದಲ್ಲಿ ಕುಳಿತು ಆಳುವ ಅರಸ ತನ್ನ ಗುರುತಿಗೆ ಕೋಲಾರವನ್ನೂ ನಂದಿಬೆಟ್ಟವನ್ನೂ ಹೇಳುತ್ತಾನೆ ಎಂದರೆ, ರಾಜಧಾನಿ ಅವನಿಗೆ ಬರೀ ಸಿಂಹಾಸನ ಇಟ್ಟ ಜಾಗವಾಗಿರಲಿಲ್ಲ. ವಂಶ ಎಲ್ಲಿಂದ ಎದ್ದಿತೋ ಆ ನೆಲ ಅದು. ಗಂಗರಿಗೇ ಅಷ್ಟು ಬೇಕಾಗಿದ್ದ ಊರನ್ನು ಇಂದಿನ ಪ್ರವಾಸಿ ಕೈಪಿಡಿ ಎರಡು ಸಾಲಿನಲ್ಲಿ ಮುಗಿಸುತ್ತದೆ.

ಹಾಳು ಎಂಬುದು ಹೇಗೆ ಹುಟ್ಟುತ್ತದೆ ಎಂದು ಸ್ವಲ್ಪ ನೋಡಬೇಕು. 1565ರ ಯುದ್ಧದಲ್ಲಿ ಸೋತ ಮೇಲೆ ವಿಜಯನಗರದ ಅರಮನೆ, ಅಂಗಡಿಬೀದಿ ಬರಿದಾದವು, ಜನ ಚದುರಿದರು. ಹಂಪಿ ಹಾಗಾಗಿ ಹಾಳಾಯಿತು. ತಲಕಾಡಿನ ಗುಡಿಗಳ ಮೇಲೆ ಮರಳು ಬಂದು ಕೂತಿತು. ಎರಡೂ ಕಡೆ ದುರಂತವೇ ಚರಿತ್ರೆಯನ್ನು ಒಂದು ಗಳಿಗೆಯಲ್ಲಿ ನಿಲ್ಲಿಸಿ ನಮಗಾಗಿ ಇಟ್ಟುಕೊಟ್ಟಿತು. ಕೋಲಾರಕ್ಕೆ ಅಂಥ ದುರಂತ ಬರಲಿಲ್ಲ. ಗಂಗರ ನಂತರ ಚೋಳರು ಬಂದು ಈ ಸೀಮೆಗೆ ನಿಕರಿಲಿಚೋಳಮಂಡಲ ಎಂದು ಹೆಸರಿಟ್ಟರು. ಹನ್ನೆರಡನೇ ಶತಮಾನದ ಆರಂಭದಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಹೊರದೂಡಿದ. ವಿಜಯನಗರದವರು ಸೋಮೇಶ್ವರ ದೇವಸ್ಥಾನದ ಎತ್ತರದ ಗೋಪುರ ಎಬ್ಬಿಸಿದರು, ಕಲ್ಯಾಣಮಂಟಪಕ್ಕೆ ಬೆಡಗಿನ ಕಂಬ ನಿಲ್ಲಿಸಿದರು. ಬಿಜಾಪುರದವರು ಇದನ್ನು ಶಹಾಜಿಗೆ ಜಹಗೀರು ಕೊಟ್ಟರು. ಹೈದರಾಲಿಯ ತಂದೆಯ ಗೋರಿ ಇದೇ ಪಟ್ಟಣದ ಮಕಬರಾದಲ್ಲಿದೆ. ಇಷ್ಟೆಲ್ಲ ಆಳ್ವಿಕೆ ಬಂದು ಹೋದರೂ ಜನ ಊರು ಬಿಡಲಿಲ್ಲ. ಜನ ಇದ್ದ ಕಡೆ ಗೋಡೆ ಬಿದ್ದರೆ ಎತ್ತಿ ಕಟ್ಟುತ್ತಾರೆ, ಒಂದು ಕಾಲದ ಕಂಬ ಇನ್ನೊಂದು ಕಾಲದ ಮಂಟಪಕ್ಕೆ ಹೋಗುತ್ತದೆ, ಕೆರೆ ಒಡೆದರೆ ಏರಿ ಹಾಕುತ್ತಾರೆ. ಅಜ್ಜಿಯ ಒಡವೆಯನ್ನು ಕರಗಿಸಿ ಮೊಮ್ಮಗಳಿಗೆ ಸರ ಮಾಡಿಸಿದ ಮನೆಯಲ್ಲಿ ಹಳೆಯ ಚಿನ್ನವೇ ಇಲ್ಲ ಎಂದರೆ ಯಾರಾದರೂ ಒಪ್ಪುತ್ತಾರೆಯೇ?

ಸಾಯದೆ ಉಳಿದದ್ದಕ್ಕಾಗಿ ಒಂದು ಊರಿಗೆ ಶಿಕ್ಷೆ ಕೊಡುವ ಈ ಅಳತೆಗೋಲನ್ನು ನಾನು ಒಪ್ಪುವುದಿಲ್ಲ.

ಕೋಲಾರಮ್ಮನ ಗುಡಿಗೆ ಹೋಗಿ ನೋಡಿ. ಗೋಪುರವನ್ನು ದೂರದಿಂದ ಕಂಡು ಬೆರಗಾಗುವ ಗುಡಿಯಲ್ಲ ಅದು. ಗಟ್ಟಿ ಬೆಣಚುಕಲ್ಲಿನದು, ನೆಲಕ್ಕೆ ಒತ್ತಿಕೊಂಡಂತಿದೆ. ಒಳಗೆ ಹೊಕ್ಕರೆ ಮಧ್ಯಾಹ್ನದ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ, ಆಮೇಲೆ ದೀಪ, ಆಮೇಲೆ ಗೋಡೆಯ ಅಕ್ಷರ. ಕೋಲಾರಮ್ಮನನ್ನು ನೇರವಾಗಿ ನೋಡುವ ವಾಡಿಕೆಯಿಲ್ಲ. ಎದುರಿಗಿಟ್ಟ ಕನ್ನಡಿಯಲ್ಲಿ ಅವಳ ಮುಖ ಕಂಡು ಕೈಮುಗಿಯುತ್ತಾರೆ. ಸಪ್ತಮಾತೃಕೆಯರಿದ್ದಾರೆ. ಪಕ್ಕದಲ್ಲಿ ಚೇಳಮ್ಮ, ಚೇಳಿನ ವಿಷದ ಭಯವಿರುವ ಹೊಲದ ಜನ ನೆಲದೊಳಗಿನ ಹುಂಡಿಗೆ ಕಾಣಿಕೆ ಹಾಕಿ ಅವಳ ಕಾವಲು ಕೇಳಿಕೊಳ್ಳುತ್ತಾರೆ. ಬರಿಗಾಲಲ್ಲಿ ಕಲ್ಲು ಹೊಲದಲ್ಲಿ ದುಡಿಯುವವರ ನೆಲಕ್ಕೆ ಇಂಥ ದೇವತೆ ಏಕೆ ಬೇಕಾಯಿತು ಎಂದು ಯಾರೂ ವಿವರಿಸಬೇಕಿಲ್ಲ. ಇದನ್ನೆಲ್ಲ ನೋಡಿಯೂ "ಬರೀ ಪೂಜೆಯ ಗುಡಿ, ಚರಿತ್ರೆಯದೇನೂ ಇಲ್ಲ" ಎಂದು ಹೊರಬರುವವರನ್ನು ಕಂಡಿದ್ದೇನೆ. ಹಂಪಿಯ ಒಂಟಿ ಕಂಬದ ಮುಂದೆ ಗಂಟೆಗಟ್ಟಲೆ ನಿಲ್ಲುವವರೇ ಅವರು.

ಆ ಗೋಡೆಯ ಅಕ್ಷರಗಳ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹನ್ನೊಂದನೇ ಶತಮಾನದ ಉತ್ತರಾರ್ಧದಲ್ಲಿ, ಚೋಳ ಅರಸ ಮೊದಲನೇ ಕುಲೋತ್ತುಂಗನ ಆಳ್ವಿಕೆಯ ಆರಂಭದ ವರ್ಷಗಳಲ್ಲಿ ಬರೆಸಿದ ಒಂದು ದೊಡ್ಡ ಶಾಸನ ಅಲ್ಲಿದೆ. ದೇವಿಯ ಗುಡಿಯ ಇಡೀ ಸಂಸಾರದ ಲೆಕ್ಕ ಅದು. ಯಾವ ದೇವರಿಗೆ ಎಷ್ಟು ಅಕ್ಕಿ, ಯಾವ ಕೆಲಸದವನಿಗೆ ಎಷ್ಟು ಭತ್ತ ಎಂದು ಅಳೆದು ಬರೆದಿದ್ದಾರೆ. ವ್ಯಾಕರಣ ಪಾಠ ಹೇಳುವವನಿಗೂ ಅದರಲ್ಲಿ ಪಾಲಿದೆ. ದೇವಿಗೆ ಬಲಿಯ ಮಾಂಸವೂ ಮದ್ಯವೂ ಸಲ್ಲಬೇಕೆಂದೂ ಅದೇ ಶಾಸನ ವಿಧಿಸುತ್ತದೆ. ವ್ಯಾಕರಣವೂ ಬಲಿಯೂ ಒಂದೇ ಗುಡಿಯ ಒಂದೇ ಲೆಕ್ಕದಲ್ಲಿ ಇದ್ದ ಕಾಲ ಅದು. ಹಳೆಯ ಗುಡಿಯೆಂದರೆ ಹೀಗೇ ಇತ್ತು, ಹಾಗೇ ಇತ್ತು ಎಂದು ಇಂದು ಎರಡೂ ಕಡೆಯಿಂದ ಕೂಗಾಡುವವರು ಬಂದು ಈ ಗೋಡೆಯ ಮುಂದೆ ನಿಲ್ಲಬೇಕು. ಸಾವಿರ ವರ್ಷದ ಹಿಂದಿನ ಒಂದು ಪಟ್ಟಣ ತನ್ನ ದೇವಿಯನ್ನು ಹೇಗೆ ಸಾಕುತ್ತಿತ್ತು, ಯಾರನ್ನೆಲ್ಲ ಕೆಲಸಕ್ಕಿಟ್ಟುಕೊಂಡಿತ್ತು, ಭತ್ತದ ಬೆಲೆ ಎಷ್ಟೆಂದು ಎಣಿಸುತ್ತಿತ್ತು ಎಂದು ಕೈಗೆ ಸಿಗುವಂತೆ ಹೇಳುವ ಇಂಥ ಗೋಡೆ ಕರ್ನಾಟಕದಲ್ಲಿ ಎಷ್ಟಿವೆ?

ಆದರೆ ಶಾಸನ ತಮಿಳಿನಲ್ಲಿದೆ. "ಅದು ನಮ್ಮದಲ್ಲ, ಚೋಳರದ್ದು" ಎಂಬ ಮಾತು ಅಲ್ಲಿಂದ ಶುರುವಾಗುತ್ತದೆ. ಇದೂ ಹಾಳಿನ ಅಳತೆಗೋಲಿನ ಇನ್ನೊಂದು ಮುಖವೇ: ಒಂದು ವಂಶ, ಒಂದು ನುಡಿ, ಒಂದು ಶೈಲಿ, ಅಲ್ಲಿಗೆ ನಿಂತ ಕಾಲ, ಹೀಗಿದ್ದರೆ ಮಾತ್ರ ಶುದ್ಧ ಚರಿತ್ರೆ. ಕೋಲಾರದ ಸಂತೆಯಲ್ಲಿ ಇವತ್ತೂ ಸೊಪ್ಪು ಕೊಳ್ಳುವಾಗ ಕನ್ನಡ, ಚೌಕಾಸಿಗೆ ತೆಲುಗು, ಹಣ ಎಣಿಸುವಾಗ ಉರ್ದು ಅಥವಾ ತಮಿಳು ಕೇಳಿಸುತ್ತದೆ. ಅಂಥ ಊರಿನವರು ಸಾವಿರ ವರ್ಷದ ಹಿಂದಿನ ತಮ್ಮದೇ ಗುಡಿಯ ಲೆಕ್ಕಪತ್ರವನ್ನು ಪರದೇಶದ ಕಾಗದದಂತೆ ನೋಡಬಾರದು. ಬರೆಸಿದವನ ನುಡಿ ತಮಿಳು. ಭತ್ತ ಬೆಳೆದ ಗದ್ದೆ ಇಲ್ಲಿಯದು, ನೀರು ಇಲ್ಲಿಯ ಕೆರೆಯದು, ಪಾಲು ಪಡೆದವರು ಇಲ್ಲಿಯವರು.

ಅಳತೆಗೋಲು ತಪ್ಪಾದರೆ ಮಾತಿನಲ್ಲಿ ಮಾತ್ರ ತಪ್ಪಾಗುವುದಿಲ್ಲ. 2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬೀದಿಯಲ್ಲಿ ಏನಾಯಿತು ಎಂಬುದನ್ನು ಮರೆಯಬಾರದು. ಸಾಲುಮಂಟಪಗಳಲ್ಲೂ ಅವುಗಳ ಮುಂದೂ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿ ಯಂತ್ರ ತಂದು ಕೆಡವಿದರು. ಸ್ಮಾರಕಕ್ಕೆ ಅಪಾಯವಿದ್ದದ್ದು ಸುಳ್ಳಲ್ಲ, ಒತ್ತುವರಿ ಸರಿಯೂ ಅಲ್ಲ. ಆದರೆ ತೆರವಿನ ಆಚೆಗೆ ಅಲ್ಲಿ ಒಂದು ಆಸೆಯೂ ಕೆಲಸ ಮಾಡಿತು: ಹಾಳು ಇನ್ನೂ ಚೊಕ್ಕಟವಾಗಿ ಹಾಳಾಗಿ ಕಾಣಬೇಕು, ನಡುವೆ ಬಟ್ಟೆ ಒಣಗಿಹಾಕುವ ಹೆಂಗಸು ಕಾಣಬಾರದು. ವಿರೂಪಾಕ್ಷನ ಪೂಜೆ 1565ರ ನಂತರವೂ ನಡೆದುಕೊಂಡು ಬಂದ ಬೀದಿ ಅದು. ಪೂಜೆ ಇದ್ದ ಕಡೆ ಹೂವು, ತೆಂಗಿನಕಾಯಿ, ಊಟ ಮಾರುವವರು ಇದ್ದೇ ಇರುತ್ತಾರೆ.

ಇದೇ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬೇರೆ ದಾರಿಯಲ್ಲಿ ಕೆಡಿಸುತ್ತದೆ. ಹಾಳು ಬಿದ್ದದ್ದು ಮಾತ್ರ ಚರಿತ್ರೆ ಎಂದ ಮೇಲೆ, ಪೂಜೆ ನಡೆಯುವ ಗುಡಿ ಚರಿತ್ರೆಯಲ್ಲ ಎಂದಾಯಿತು. ಚರಿತ್ರೆಯಲ್ಲ ಎಂದ ಮೇಲೆ ಅದನ್ನು ಏನು ಬೇಕಾದರೂ ಮಾಡಬಹುದು. ಜೀರ್ಣೋದ್ಧಾರ ಎಂಬ ಹೆಸರಿನಲ್ಲಿ ಕಲ್ಲಿನ ಕಂಬಕ್ಕೆ ಎನಾಮಲ್ ಬಣ್ಣ ಬಳಿಯುತ್ತಾರೆ, ಸವೆದ ಚಪ್ಪಡಿ ಕಿತ್ತು ಟೈಲ್ಸ್ ಹಾಕುತ್ತಾರೆ, ಬಾಗಿಲವಾಡದ ಮೇಲೆ ಸ್ಟೀಲ್ ಗ್ರಿಲ್ ಕೂರಿಸಲು ಗಜಲಕ್ಷ್ಮಿಯ ಆನೆಗೆ ತೂತು ಕೊರೆಯುತ್ತಾರೆ. ಮಾಡುವವರಲ್ಲಿ ದುರುದ್ದೇಶವಿಲ್ಲ, ಊರೆಲ್ಲ ಸೇರಿ ಚಂದಾ ಎತ್ತಿ ಭಕ್ತಿಯಿಂದಲೇ ಮಾಡುತ್ತಾರೆ. ಅವರಿಗೆ ಯಾರೂ ಹೇಳಿಲ್ಲ, ನಿಮ್ಮ ಗುಡಿಯೇ ಶಾಸನ ಎಂದು. ಹೇಳಬೇಕಾದವರೆಲ್ಲ ಹಂಪಿಯಲ್ಲಿದ್ದರು.

ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಂದು ವೀರಗಲ್ಲು ನೋಡಿದೆ. ಮೂರು ಹಂತದ ಕಲ್ಲು. ಕೆಳಗಿನ ಹಂತ ಹೊಸ ಗುಡಿಯ ಸಿಮೆಂಟ್ ಕಟ್ಟೆಯಲ್ಲಿ ಹೂತುಹೋಗಿದೆ. ನಡುವೆ ಬಿಲ್ಲು ಹಿಡಿದ ಆಳು, ಅವನ ಹಿಂದೆ ಕೊಂಬು ಮಾತ್ರ ಎದ್ದು ಕಾಣುವ ದನಗಳು. ಹಂತಗಳ ನಡುವಿನ ಪಟ್ಟಿಯಲ್ಲಿ ಬರಹವಿದೆ. ಅದರ ಮೇಲೆ ಹಳದಿ ಬಣ್ಣ ದಪ್ಪಗೆ ಕೂತಿದೆ, ಬೆರಳಾಡಿಸಿದರೆ ಒಂದೆರಡು ಅಕ್ಷರದ ಗುಂಡಿ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಲ್ಲೇ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯನ್ನು "ಇದು ಯಾರಮ್ಮ?" ಎಂದು ಕೇಳಿದೆ. ತೆಲುಗಿನಲ್ಲಿ ಅವರು ಕೊಟ್ಟ ಉತ್ತರ ಕನ್ನಡದಲ್ಲಿ ಹೀಗೆ: "ನಮ್ಮೂರ ದನ ಹೊಡ್ಕೊಂಡು ಹೋಗಿದ್ರಪ್ಪ. ಬಿಡಿಸ್ಕೊಂಡು ಬರೋಕೆ ಹೋದೋನು ಇವನು. ದನ ಬಂದ್ವು, ಇವನು ಬರ್ಲಿಲ್ಲ." ತುರುಗೊಳ್ ಕಾಳಗದ ವೀರಗಲ್ಲು ಹೇಳುವುದೂ ಇಷ್ಟನ್ನೇ. ಬರಹ ಬಣ್ಣದಡಿ ಮುಚ್ಚಿಹೋದರೂ ಮಾತು ಉಳಿದಿತ್ತು. ಆ ಅಜ್ಜಿಯ ನಂತರ ಅದೂ ಉಳಿಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಬಿ.ಎಲ್. ರೈಸ್ 1905ರಲ್ಲಿ ಹೊರತಂದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟ ಕೋಲಾರ ಜಿಲ್ಲೆಯದು. ತಾಲ್ಲೂಕುವಾರು, ಊರುವಾರು ಶಾಸನಗಳನ್ನು ಪಟ್ಟಿ ಮಾಡಿದೆ. ಆಗ ಎತ್ತಿನಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ ಹೋಗಿ ಓದಿದ ಕಲ್ಲುಗಳ ಮುಂದೆ ಇಂದು ಬೈಕಿನಲ್ಲಿ ಹೋಗಿ ನಿಂತರೆ ಬಣ್ಣವೋ ಸಿಮೆಂಟೋ ಎದುರಾಗುತ್ತದೆ. ಶ್ರೀನಿವಾಸಪುರ ಮಾವಿನ ತೋಟಕ್ಕೆ ಹೆಸರಾದ ತಾಲ್ಲೂಕು, ಇಲ್ಲಿ ಹೇಳಿಕೊಳ್ಳುವಂಥ ದೊಡ್ಡ ದೇವಾಲಯವಿಲ್ಲ ಎನ್ನುತ್ತಾರೆ. ರಾಜಧಾನಿಗೆ ದನ, ಧಾನ್ಯ, ಸೈನಿಕರು ಎಲ್ಲಿಂದ ಬರುತ್ತಿದ್ದರು? ಇಂಥ ಹಳ್ಳಿಗಳಿಂದಲೇ. ಕುವಳಾಲದ ಚರಿತ್ರೆ ಕೋಲಾರ ಪಟ್ಟಣದ ಗಡಿಗೆ ನಿಲ್ಲುವುದಿಲ್ಲ.

ಆವಣಿಯ ವಿಚಾರಕ್ಕೆ ಬಂದರೆ ನನ್ನ ಸಿಟ್ಟು ಇನ್ನೂ ಹೆಚ್ಚು. ಕೋಲಾರದಿಂದ ಮುಳಬಾಗಿಲಿನ ಕಡೆ ಹೋಗುವ ಹೆದ್ದಾರಿಯಿಂದ ಒಳಗೆ ತಿರುಗಿದರೆ ಬಂಡೆಗಳ ದೊಡ್ಡ ಬೆಟ್ಟ, ಅದರ ಬುಡದಲ್ಲಿ ರಾಮಲಿಂಗೇಶ್ವರ ಗುಡಿಗಳ ಗುಂಪು. ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ. ಹೆಚ್ಚಿನವು ಹತ್ತನೇ ಶತಮಾನದ ಸುಮಾರಿಗೆ ನೊಳಂಬರ ಕಾಲದಲ್ಲಿ ಎದ್ದವು, ಆಮೇಲೆ ವಿಜಯನಗರದವರು ಮಂಟಪ ಸೇರಿಸಿದರು. ನೊಳಂಬರ ರಾಜಧಾನಿ ಹೇಮಾವತಿ ಇಂದು ಆಂಧ್ರದ ಗಡಿಯೊಳಗಿದೆ. ಆವಣಿ ಅವರ ದೊಡ್ಡ ಶೈವಕೇಂದ್ರ. ಲಕ್ಷ್ಮಣೇಶ್ವರನ ಗುಡಿಯನ್ನು ಸುತ್ತು ಹಾಕಬೇಕು. ಅಧಿಷ್ಠಾನದ ಪಟ್ಟಿಯಲ್ಲಿ ಆನೆ, ಸಿಂಹ, ಯಾಳಿಗಳು ಒಂದರ ಹಿಂದೊಂದು ಹೊರಟಿವೆ. ಗೋಡೆಯಲ್ಲಿ ಭೈರವ, ದುರ್ಗೆ, ಗಣಪತಿ, ದ್ವಾರಪಾಲಕರು. ಒಬ್ಬೊಬ್ಬರ ಸುತ್ತಲೂ ಖಾಲಿ ಗೋಡೆ ಧಾರಾಳವಾಗಿ ಬಿಟ್ಟಿದ್ದಾರೆ. ಹೊಯ್ಸಳರ ಗುಡಿಯಲ್ಲಿ ಅಂಗುಲವೂ ಬಿಡದೆ ಕೆತ್ತಿದ್ದನ್ನು ನೋಡಿ ಪಳಗಿದ ಕಣ್ಣಿಗೆ ಇದು ಬಡವಾಗಿ ಕಾಣಬಹುದು. ನನಗೆ ಹಾಗೆ ಕಾಣುವುದಿಲ್ಲ. ಖಾಲಿ ಬಿಟ್ಟದ್ದೇ ಆ ಶಿಲ್ಪಿಯ ಧೈರ್ಯ. ಒಳಗೆ ಹೋಗಿ ಕತ್ತೆತ್ತಿದರೆ ಚಾವಣಿಯ ನಡುವೆ ಉಮಾಮಹೇಶ್ವರ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು ತಮ್ಮ ತಮ್ಮ ವಾಹನದ ಮೇಲೆ. ಗುಂಪಿನಲ್ಲೇ ದೊಡ್ಡ ಲಿಂಗ ಇಲ್ಲಿಯದು.

ಇಷ್ಟು ಕಟ್ಟಿದವರು ಯಾರು? ಕೇಳಿ ನೋಡಿ. ರಾಮ ಮತ್ತು ತಮ್ಮಂದಿರು ಎನ್ನುತ್ತಾರೆ. ಬೆಟ್ಟದ ಮೇಲೆ ಸೀತಮ್ಮನ ಗುಡಿಯಿದೆ, ಲವಕುಶರು ಹುಟ್ಟಿದ್ದು ಇಲ್ಲೇ, ವಾಲ್ಮೀಕಿಯ ಆಶ್ರಮ ಇಲ್ಲೇ ಎಂದು ನಂಬಿಕೆ. ಆ ನಂಬಿಕೆಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಮಕ್ಕಳಾಗದ ಹೆಣ್ಣುಮಕ್ಕಳು ಬೆಟ್ಟ ಹತ್ತಿ ಸೀತಮ್ಮನಿಗೆ ಹರಕೆ ಹೊರುವುದು ಆವಣಿಯ ಜೀವ. ನನ್ನ ತಕರಾರು ಇರುವುದು ಇನ್ನೊಂದು ಹೆಸರು ಅಳಿದುಹೋದದ್ದಕ್ಕೆ. ತ್ರಿಭುವನಕರ್ತಾರ ಎಂಬ ಶೈವ ಯತಿಯೊಬ್ಬ ಹತ್ತನೇ ಶತಮಾನದಲ್ಲಿ ಆವಣಿಯ ಸ್ಥಾನಕ್ಕೆ ಒಡೆಯನಾಗಿದ್ದ. ನಲವತ್ತು ವರ್ಷ ಆಳಿದ, ಐವತ್ತು ದೇಗುಲ ಕಟ್ಟಿಸಿದ, ಎರಡು ದೊಡ್ಡ ಕೆರೆ ಕಟ್ಟಿಸಿದ ಎಂದು ಅವನ ಶಾಸನ ಹೇಳುತ್ತದೆ. ಅರಸನಲ್ಲದ ಒಬ್ಬ ಸನ್ಯಾಸಿಯ ಇಡೀ ಬದುಕನ್ನು ಕಲ್ಲಿನಲ್ಲಿ ಬರೆಯುವಾಗ ಗುಡಿಯ ಜೊತೆಗೆ ಕೆರೆಯನ್ನೂ ಲೆಕ್ಕಕ್ಕೆ ಹಿಡಿದರು. ಮಹಾಶಿವರಾತ್ರಿಯ ಆಸುಪಾಸಿನಲ್ಲಿ ಆವಣಿಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಹಳ್ಳಿಕಾರ್ ಹೋರಿಗಳನ್ನು ಸಿಂಗರಿಸಿ ತರುತ್ತಾರೆ, ದೂರದ ಊರುಗಳಿಂದ ರೈತರು ಬರುತ್ತಾರೆ. ಅಷ್ಟು ಜನ ಆ ಗುಡಿಗಳ ಮುಂದೆ ಹಾದುಹೋಗುತ್ತಾರೆ; ಅವರಿಗೆ ತ್ರಿಭುವನಕರ್ತಾರನ ಹೆಸರು ಹೇಳುವವರಿಲ್ಲ. ರಾಮನ ಕಥೆಗೆ ಅವನಿಂದ ಕುಂದು ಬರುವುದಿಲ್ಲ. ಎರಡನ್ನೂ ಹೇಳಲು ಆವಣಿಯಲ್ಲಿ ಜಾಗ ಬೇಕಾದಷ್ಟಿದೆ.

ಮುಳಬಾಗಿಲಿನ ಬಳಿಯ ಕುರುಡುಮಲೆಯಲ್ಲೂ ಇದೇ ಕತೆ ಬೇರೆ ಹೆಸರಿನಲ್ಲಿ. ಹದಿಮೂರು ಅಡಿಗೂ ಮೀರಿದ ಗಣಪತಿಗೆ ಜನ ಕಿಕ್ಕಿರಿಯುತ್ತಾರೆ. ಅಲ್ಲಿಂದ ಕೂಗಳತೆಯ ಸೋಮೇಶ್ವರ ದೇವಾಲಯಕ್ಕೆ ಬರುವವರು ಕಡಿಮೆ. ಬಂದವರಿಗೆ ಅರ್ಧ ಜಕಣಾಚಾರಿ ಕಟ್ಟಿದ್ದು, ಇನ್ನರ್ಧ ಅವನ ಮಗ ಡಂಕಣ ಕಟ್ಟಿದ್ದು ಎಂದು ಹೇಳಿ ಕಳಿಸುತ್ತಾರೆ. ಕರ್ನಾಟಕದ ಯಾವ ಚೆಂದದ ಗುಡಿ ಕಂಡರೂ ಜಕಣಾಚಾರಿಯ ತಲೆಗೆ ಕಟ್ಟುವುದು ಶಿಲ್ಪಿಗಳಿಗೆ ಮಾಡುವ ಗೌರವವಲ್ಲ. ಈ ಸೀಮೆಯಲ್ಲಿ ಹಲವು ಕಾಲದಲ್ಲಿ ಹಲವು ಕೈಗಳು ದುಡಿದಿವೆ. ಒಬ್ಬನ ಹೆಸರು ಹೇಳಿ ನೂರು ಜನರನ್ನು ಅಳಿಸುತ್ತೇವೆ. ಮುಳಬಾಗಿಲು ಎಂದರೆ ದೋಸೆ, ಆಂಜನೇಯ, ತಿರುಪತಿಗೆ ಹೋಗುವಾಗ ಬಸ್ಸು ನಿಲ್ಲುವ ಜಾಗ. ಆದರೆ ವಿಜಯನಗರದ ಬುಕ್ಕರಾಯನ ಮಗ ಕಂಪಣ ಇಲ್ಲಿ ಕೂತು ಆಳಿದ. ಇಲ್ಲಿಂದ ಹೊರಟು ಮಧುರೆಯ ಸುಲ್ತಾನರನ್ನು ಗೆದ್ದ. ಅವನ ಹೆಂಡತಿ ಗಂಗಾದೇವಿ ಆ ದಂಡಯಾತ್ರೆಯನ್ನು ಸಂಸ್ಕೃತದಲ್ಲಿ 'ಮಧುರಾವಿಜಯ' ಎಂಬ ಕಾವ್ಯ ಮಾಡಿದಳು. ಹದಿನಾಲ್ಕನೇ ಶತಮಾನದ ಹೆಣ್ಣೊಬ್ಬಳು ಬರೆದ ಕಾವ್ಯದ ಊರು ಇದು ಎಂದು ಮುಳಬಾಗಿಲಿನ ಯಾವ ವೃತ್ತದಲ್ಲೂ ಬರೆದದ್ದು ನಾನು ಕಂಡಿಲ್ಲ. 'ಶಿವತತ್ತ್ವಚಿಂತಾಮಣಿ'ಯ ಕವಿ ಲಕ್ಕಣ್ಣ ದಂಡೇಶನ ನಂಟೂ ಈ ಊರಿಗಿದೆ. ವಿಜಯನಗರವನ್ನು ನೋಡಲು ಹಂಪಿಗೇ ಹೋಗಬೇಕು ಎಂಬವರು ಮುಳಬಾಗಿಲಿನಲ್ಲಿ ದೋಸೆ ತಿಂದು ಕೈತೊಳೆದು ಹೊರಡುತ್ತಾರೆ.

"ಹಾಗಾದರೆ ಕೋಲಾರ ಎಂದರೆ ಚಿನ್ನ ಎನ್ನುವುದು ತಪ್ಪೇ?" ಎಂದು ಕೇಳಬಹುದು. ತಪ್ಪಲ್ಲ, ಸಾಲದು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು, 2001ರಲ್ಲಿ ಗಣಿ ಮುಚ್ಚಿದ್ದು ಎಲ್ಲವೂ ನಮ್ಮ ಚರಿತ್ರೆಯೇ. ಗಣಿಯ ಕಾರ್ಮಿಕರ ಕಷ್ಟವನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಆದರೆ ನೂರಿಪ್ಪತ್ತು ವರ್ಷದ ಗಣಿ ಮುಚ್ಚಿದ ಮೇಲೆ ಕೋಲಾರದ ಕತೆಯೇ ಮುಗಿಯಿತು ಎಂಬಂತೆ ಮಾತಾಡುವುದು ಹದಿನಾರು ಶತಮಾನಗಳಿಗೆ ಮಾಡುವ ಅನ್ಯಾಯ.

ಈ ರಾಜಧಾನಿಯ ದೊಡ್ಡ ಕಟ್ಟಡ ಯಾವುದು ಎಂದು ಕೇಳಿದರೆ ನಾನು ಗುಡಿಯನ್ನು ಹೇಳುವುದಿಲ್ಲ, ಕೆರೆಯನ್ನು ಹೇಳುತ್ತೇನೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ಇದು. ಹೊಳೆಯಿಲ್ಲದ ಕಡೆ ರಾಜಧಾನಿ ನಿಂತದ್ದು ಮಳೆಯ ನೀರನ್ನು ಮಣ್ಣಿನ ಏರಿ ಹಾಕಿ ಹಿಡಿದದ್ದರಿಂದ. ಒಂದು ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಈ ಸರಪಳಿಯನ್ನು ಕಟ್ಟಿದವರ ಲೆಕ್ಕ, ನೆಲದ ಇಳಿಜಾರು ಓದುವ ಅವರ ಕಣ್ಣು, ಯಾವ ಗೋಪುರಕ್ಕೂ ಕಡಿಮೆಯಲ್ಲ. ಹಾಳು ನೋಡಲು ಬಂದವರಿಗೆ ಕೆರೆಯ ಏರಿ ಸ್ಮಾರಕದಂತೆ ಕಾಣುವುದೇ ಇಲ್ಲ. ಅದರ ಮೇಲೆ ಕಾರು ಓಡಿಸಿಕೊಂಡು ಗುಡಿಗೆ ಹೋಗುತ್ತಾರೆ. ಅದು ಸ್ಮಾರಕವಲ್ಲ ಎಂದಾದ್ದರಿಂದಲೇ ರಾಜಕಾಲುವೆ ಮುಚ್ಚಿದ್ದು, ಅಂಗಳ ಒತ್ತಿದ್ದು, ತೂಬು ಕಿತ್ತದ್ದು ಯಾರಿಗೂ ಅಪರಾಧ ಅನ್ನಿಸಲಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೆ, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ನೀರಿನ ಗುಣದ ಬಗ್ಗೆ ರೈತರ ಆತಂಕ ನ್ಯಾಯವಾದದ್ದೇ. ಆದರೆ ಒಂದು ಮಾತು ಗಮನಿಸಿ: ಈ ಕಾಲದ ಪಂಪಿನ ನೀರು ಕೆರೆಯಿಂದ ಕೆರೆಗೆ ಹರಿಯಲು ಸಾಧ್ಯವಾದದ್ದು ಹಳಬರು ಹಾಕಿಟ್ಟ ದಾರಿಯಲ್ಲೇ. ಅದು ಹಾಳಲ್ಲ, ಇನ್ನೂ ದುಡಿಯುತ್ತಿರುವ ರಾಜಧಾನಿ.

ದುಡಿಯುವ ಕೈಗಳೂ ಉಳಿದಿವೆ. ಮಾಲೂರು ಎಂದರೆ ಇಟ್ಟಿಗೆ, ಹೆಂಚು. ಅದೇ ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದರೆ ಬೀದಿ ಮುಟ್ಟುವ ಮೊದಲೇ ಉಳಿಯ ಸದ್ದು. ಮನೆಯ ಮುಂದಿನ ಚಪ್ಪರದಲ್ಲಿ ಅರ್ಧ ಕೆತ್ತಿದ ವಿಗ್ರಹ. ಮುಖ ಇನ್ನೂ ಕಲ್ಲೊಳಗೇ ಇದೆ, ಕೈಯ ಚಕ್ರ ಆಚೆ ಬಂದಿದೆ. ಈಗ ಕಟ್ಟರ್ ಯಂತ್ರವೂ ಬಂದಿದೆ, ಕಲ್ಲುಪುಡಿಯಲ್ಲಿ ಹುಡುಗರ ರೆಪ್ಪೆಯೂ ಬೆಳ್ಳಗಾಗಿರುತ್ತದೆ. ಕಣ್ಣು ತೆರೆಸುವ ಕೆಲಸ ಮಾತ್ರ ಹಿರಿಯರ ಕೈ ಉಳಿಯಲ್ಲೇ. ಟೇಕಲ್ಲಿನ ವರದರಾಜಸ್ವಾಮಿ ದೇವಸ್ಥಾನದ ಸುತ್ತಲಿನ ಬೆಟ್ಟಗಳಲ್ಲಿ ಕಲ್ಲು ಕುಟ್ಟಿ ಬದುಕುವ ಕುಟುಂಬಗಳಿಗೂ ಕಲ್ಲಿನ ಪದರು, ನರ, ಸೀಳು ಗೊತ್ತು. ಇವರನ್ನು ಕರೆದು ಹಳೆಯ ಗುಡಿಯ ಒಂದು ಚಪ್ಪಡಿ ಬದಲಿಸುವುದು ಹೇಗೆ ಎಂದು ಕೇಳುವ ಬದಲು, ಗುಡಿಗೆ ಟೈಲ್ಸ್ ಹಾಕಲು ಗುತ್ತಿಗೆ ಕೊಡುತ್ತೇವೆ.

ಹೋಗಿ ನೋಡುವವರಿಗೆ ನಾನು ಕೇಳುವುದು ಇಷ್ಟೆ. ಕೋಲಾರಕ್ಕೆ ಹಾಳು ಹುಡುಕಿಕೊಂಡು ಬರಬೇಡಿ. ಶುಕ್ರವಾರ ಬನ್ನಿ, ಕೋಲಾರಮ್ಮನ ಮುಂದೆ ಜನರ ಜೊತೆ ಸಾಲಿನಲ್ಲಿ ನಿಲ್ಲಿ, ಕನ್ನಡಿಯಲ್ಲಿ ನೋಡಿ, ಆಮೇಲೆ ಗೋಡೆ ನೋಡಿ. ಸೋಮೇಶ್ವರನ ಕಲ್ಯಾಣಮಂಟಪದಲ್ಲಿ ಕೂತುಕೊಳ್ಳಿ. ಸಂಜೆಗೆ ಕೆರೆಯ ಏರಿಯ ಮೇಲೆ ನಡೆಯಿರಿ. ಮಾರನೆಯ ದಿನ ಆವಣಿ, ಕುರುಡುಮಲೆ.

ಕೋಲಾರದವರಿಗೆ, ಅದರಲ್ಲೂ ಮೇಷ್ಟ್ರುಗಳಿಗೆ, ಕೇಳುವುದು ಬೇರೆ. ರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಕಟ್ಟಬಾರದು ಎಂಬ ಕಾನೂನಿದೆ. ಕೋಲಾರಮ್ಮನ ಗುಡಿಗೆ, ಸೋಮೇಶ್ವರನಿಗೆ, ಆವಣಿಗೆ ಪುರಾತತ್ತ್ವ ಇಲಾಖೆಯ ಕಾವಲಿದೆ. ಹೊಲದ ಬದುವಿನ ವೀರಗಲ್ಲಿಗೆ ಯಾವ ಕಾವಲೂ ಇಲ್ಲ, ಊರಿನ ಹೊರತು. ಎಂಟನೇ ತರಗತಿಯ ಮಕ್ಕಳು ತಮ್ಮ ಊರಿನ ಕಲ್ಲುಗಳನ್ನು ಎಣಿಸಿ, ಫೋಟೋ ತೆಗೆದು, ಅಜ್ಜ ಅಜ್ಜಿಯರನ್ನು ಕೇಳಿ ಬರೆದಿಡಲಿ. ಹಂಪಿಯ ಬಸ್ಸು ಮುಂದಿನ ವರ್ಷವೂ ಹೊರಡುತ್ತದೆ. ಇನ್ನು ಕುಲೋತ್ತುಂಗನ ಕಾಲದ ಆ ಭತ್ತದ ಲೆಕ್ಕ. ಅದರ ಕನ್ನಡ ಅನುವಾದವನ್ನು, ಜೊತೆಗೆ ತೆಲುಗು, ತಮಿಳು, ಉರ್ದುವಿನಲ್ಲೂ, ಗುಡಿಯ ಹೊರಬಾಗಿಲ ಬಳಿ ದೊಡ್ಡ ಅಕ್ಷರದಲ್ಲಿ ನಿಲ್ಲಿಸಬೇಕು. ಕಲ್ಲು ಟೇಕಲ್ಲಿನಿಂದ ಬರಲಿ, ಕೆತ್ತುವವರು ಶಿವಾರಪಟ್ಟಣದಿಂದ. ಇಲಾಖೆಯ ಒಪ್ಪಿಗೆಗೆ ಅರ್ಜಿ ಹಾಕುವ ಕೆಲಸವನ್ನು ಜಿಲ್ಲಾಡಳಿತ ಈ ವರ್ಷವೇ ಮಾಡಬಹುದು.